ಮೊದಲು ಮೀಟರು, ಆಮೇಲೆ ಪಾನಾ: ಹಳೇ ಬೆಂಜಿಗೆ ಬನ್ನಿಮಂಟಪದ ಒಂದು ಗ್ಯಾರೇಜ್

ಹಳೇ ಬೆಂಜ್ ಕಾರಿನ ವೈರಿಂಗ್ ಕೆಲಸ, ಹೀಟ್ ಆಗುವ ತೊಂದರೆ, ಇವೆರಡಕ್ಕೆ ಮೈಸೂರಿನಲ್ಲಿ ಯಾರನ್ನು ನಂಬಬಹುದು ಅಂತ ಕೇಳಿದರೆ ನಾನು ಬನ್ನಿಮಂಟಪದ ಕಡೆಯ ಒಂದು ಗ್ಯಾರೇಜನ್ನು ತೋರಿಸುತ್ತೇನೆ. ಹೆಸರು ಮಾತ್ರ ಇಲ್ಲಿ ಬರೆಯುತ್ತಿಲ್ಲ. ಮೇಸ್ತ್ರಿಯವರೇ ಬೇಡ ಅಂದರು. ಮೂರು ಗಾಡಿ ನಿಲ್ಲುವಷ್ಟು ಜಾಗ, ಇಬ್ಬರು ಹುಡುಗರು, ಕೈ ತುಂಬ ಕೆಲಸ. "ಜನ ಜಾಸ್ತಿ ಬಂದ್ರೆ ಕೆಲಸ ಕೆಡುತ್ತೆ ಮೇಡಂ" ಅಂದರು. ಅವರ ಮಾತು ಮೀರುವುದಿಲ್ಲ. ಮೈಸೂರಿನಲ್ಲಿ ಹಳೇ ಬೆಂಜ್ ಇಟ್ಟುಕೊಂಡ ಯಾರನ್ನಾದರೂ ವಿಚಾರಿಸಿ, ದಾರಿ ಹೇಳುತ್ತಾರೆ.

ನಮ್ಮದು 1996ರ ಇ220. ಡಬ್ಲ್ಯೂ124 ಅಂತಾರಲ್ಲ, ಆ ಮಾಡೆಲ್. ಬೆಂಜ್ ಕಂಪನಿ ಭಾರತಕ್ಕೆ ಬಂದಿದ್ದು 1994ರಲ್ಲಿ. ಮಾರನೇ ವರ್ಷದಿಂದ ಪುಣೆಯಲ್ಲಿ ಜೋಡಿಸಿ ಮಾರಿದ್ದು ಇದೇ ಮಾಡೆಲ್ಲನ್ನು. ನಮ್ಮ ಮಾವನವರು ಅಕ್ಕಿ ಗಿರಣಿ ನಡೆಸುತ್ತಿದ್ದ ಕಾಲದಲ್ಲಿ ತಂದರು. ಅವರ ನಂತರ ಮನೆಯಲ್ಲಿ ಇದನ್ನು ಆಸೆಪಟ್ಟು ಓಡಿಸುವವಳು ನಾನೊಬ್ಬಳೇ. ಬಾಗಿಲು ಹಾಕಿದಾಗ ಬರುವ ಆ ಗಟ್ಟಿ ಸದ್ದು, ಒಂದೇ ಬ್ಲೇಡಿನ ವೈಪರು ಗಾಜಿನ ಮೂಲೆಯವರೆಗೂ ಉದ್ದವಾಗಿ ಹೋಗಿ ಬರುವ ಚಂದ, ಇದನ್ನೆಲ್ಲ ಬಿಟ್ಟು ಬೇರೆ ಗಾಡಿ ಓಡಿಸಲು ನನಗೆ ಮನಸ್ಸಿಲ್ಲ. ನಾನು ಮಂಡ್ಯದಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರಾಗಿ ರಿಟೈರ್ ಆದವಳು. ಕರೆಂಟು, ಶಾಖ ಎರಡನ್ನೂ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಹಾಗಾಗಿ ಯಾರಾದರೂ ಅಳತೆ ಮಾಡದೆ "ಇದು ಹೋಗಿದೆ, ಅದು ಹೋಗಿದೆ" ಅಂದರೆ ನನಗೆ ಸಮಾಧಾನ ಆಗುವುದಿಲ್ಲ.

ಗಾಡಿಯ ಕಾಯಿಲೆ ಹೀಗಿತ್ತು. ಮಂಡ್ಯ ಬಿಟ್ಟು ಹೆದ್ದಾರಿಯಲ್ಲಿ ಹೋಗುವಾಗ ಹೀಟ್ ಮುಳ್ಳು 80ರ ಗೆರೆಗಿಂತ ಸ್ವಲ್ಪ ಮೇಲೆ ಅಲ್ಲಾಡದೆ ನಿಂತಿರುತ್ತಿತ್ತು. ಗಣಂಗೂರು ಟೋಲ್ ದಾಟಿ, ಶ್ರೀರಂಗಪಟ್ಟಣ ದಾಟಿದರೂ ಏನೂ ಇಲ್ಲ. ಮೈಸೂರು ಮುಟ್ಟಿ ಮಣಿಪಾಲ್ ಆಸ್ಪತ್ರೆ ಸಿಗ್ನಲ್ ಹತ್ತಿರ ಸಾಲಿನಲ್ಲಿ ಸಿಕ್ಕಿಕೊಂಡರೆ ಮುಗಿಯಿತು. ಎಸಿ ಹಾಕಿದ್ದರೆ ಐದಾರು ನಿಮಿಷದಲ್ಲಿ ಮುಳ್ಳು 110ರ ಕಡೆಗೆ ಹೋಗುತ್ತಿತ್ತು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಿಸ್ಸಿಂಗ್ ಬೇರೆ. ನಿಂತಲ್ಲೇ ಗಾಡಿ ನಡುಗುತ್ತಿತ್ತು, ಒಮ್ಮೊಮ್ಮೆ ಆಫ್ ಆಗುತ್ತಿತ್ತು. ರಾತ್ರಿ ಹೆಡ್‌ಲೈಟ್ ಹಾಕಿದರೆ ಹೀಟ್ ಮುಳ್ಳು, ಪೆಟ್ರೋಲ್ ಮುಳ್ಳು ಎರಡೂ ಒಟ್ಟಿಗೆ ಜಾಗ ಬದಲಿಸುತ್ತಿದ್ದವು.

ಇದಕ್ಕೆ ಮುಂಚೆ ತೋರಿಸಿದ ಕಡೆಗಳಲ್ಲಿ ಏನೇನಾಯಿತು ಅಂತ ಹೇಳಲೇಬೇಕು. ಯಾಕೆಂದರೆ ಆ ಕೆಲಸಗಳನ್ನು ಬಿಚ್ಚುವುದಕ್ಕೂ ಆಮೇಲೆ ದುಡ್ಡು ಹೋಯಿತು. ಒಂದು ಕಡೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಗೆ ತಕ್ಕಂತೆ ರೇಡಿಯೇಟರಿಗೆ ನೀರು ಬಿಡುವ ಕವಾಟ, ಅದನ್ನು ತೆಗೆದೇಬಿಟ್ಟರು. "ನಮ್ಮ ಕಡೆ ಬಿಸಿಲಿಗೆ ಇದು ಬೇಡ" ಅಂತ. ಹಳೇ ಅಂಬಾಸಿಡರಿನಲ್ಲಿ ಹಾಗೆ ಮಾಡುತ್ತಿದ್ದರು, ನಿಜ. ಈ ಎಂಜಿನ್ನಿನಲ್ಲಿ ಅದು ತಪ್ಪು ಕೆಲಸ. ಇದರ ಥರ್ಮೋಸ್ಟಾಟಿಗೆ ಎರಡು ಬಿಲ್ಲೆ ಇರುತ್ತವೆ. ಸುಮಾರು 87 ಡಿಗ್ರಿಗೆ ಒಂದು ಬಿಲ್ಲೆ ರೇಡಿಯೇಟರ್ ದಾರಿ ತೆರೆಯುತ್ತಾ ಹೋದ ಹಾಗೆ ಇನ್ನೊಂದು ಬಿಲ್ಲೆ ಎಂಜಿನ್ ಒಳಗೇ ಸುತ್ತುವ ಅಡ್ಡದಾರಿಯನ್ನು ಮುಚ್ಚುತ್ತದೆ. ಇಡೀ ಥರ್ಮೋಸ್ಟಾಟ್ ಕಿತ್ತರೆ ಆ ಅಡ್ಡದಾರಿ ಯಾವಾಗಲೂ ತೆರೆದೇ ಇರುತ್ತದೆ. ಬಿಸಿ ನೀರಿನಲ್ಲಿ ಒಂದು ಭಾಗ ರೇಡಿಯೇಟರ್ ಮುಖ ನೋಡದೆ ವಾಪಸ್ ಎಂಜಿನ್ನಿಗೇ ಹೋಗುತ್ತದೆ. ಹೀಟ್ ಕಮ್ಮಿ ಆಗುವ ಬದಲು ಜಾಸ್ತಿಯೇ ಆಗಬಹುದು.

ಇನ್ನೊಂದು ಕಡೆ ಫ್ಯಾನಿಗೆ ಡೈರೆಕ್ಟ್ ವೈರ್ ಎಳೆದು ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸ್ವಿಚ್ ಕೊಟ್ಟರು. ಮತ್ತೊಂದು ಕಡೆ ಎಂಜಿನ್ ಕಂಪ್ಯೂಟರ್ ಸುಟ್ಟಿದೆ, ಸೆಕೆಂಡ್ ಹ್ಯಾಂಡ್ ತರಿಸೋಣ ಅಂದರು. ಅಲ್ಲಿಂದ ಗಾಡಿಯನ್ನು ಹಾಗೇ ವಾಪಸ್ ತಂದೆ.

ಬನ್ನಿಮಂಟಪದ ಮೇಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ಪಕ್ಕದ ಸೀಟಿನಲ್ಲಿ ಬಂದು ಕೂತರು. "ಸ್ಟಾರ್ಟ್ ಮಾಡಿ ಮೇಡಂ. ಲೈಟ್ ಹಾಕಿ." ಹಾಕಿದೆ. ಹೀಟ್ ಮುಳ್ಳು ಥಟ್ಟನೆ ಮೇಲೆ ಹೋಯಿತು. "ಆಫ್ ಮಾಡಿ." ಕೆಳಗೆ ಬಂತು. "ಹಿಂದಿನ ಗಾಜಿನ ಹೀಟರ್ ಹಾಕಿ." ಮತ್ತೆ ಮೇಲೆ. ಅವರು ತಲೆ ಆಡಿಸಿದರು. "ನೀರು ಒಂದು ಸೆಕೆಂಡಲ್ಲಿ ಬಿಸಿ ಆಗಲ್ಲ, ಒಂದು ಸೆಕೆಂಡಲ್ಲಿ ತಣ್ಣಗೂ ಆಗಲ್ಲ. ಇದು ಹೀಟ್ ಅಲ್ಲ, ಅರ್ಥ್" ಅಂದರು. ಕರೆಂಟು ಗಾಡಿಯ ಬಾಡಿ ಮೂಲಕ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿಗೆ ಅರ್ಥ್ ಅನ್ನುತ್ತಾರೆ, ಅದು ಕೆಟ್ಟರೆ ಮುಳ್ಳು ಸುಳ್ಳು ತೋರಿಸುತ್ತದೆ. ನನಗೆ ಅಲ್ಲೇ ನಂಬಿಕೆ ಬಂತು.

ಆಮೇಲೆ ಬಾನೆಟ್ ಎತ್ತಿದರು. ಈ ಗಾಡಿಯ ಬಾನೆಟ್ ನೆಟ್ಟಗೆ ನಿಲ್ಲುವಷ್ಟು ಮೇಲೆ ಏಳುತ್ತದೆ, ಕೆಲಸ ಮಾಡುವವರಿಗೆ ಒಳ್ಳೆಯ ಅನುಕೂಲ. ಶಾಖ ಅಳೆಯುವ ಗನ್ನು ತಂದರು. ಅಂಥ ಗನ್ನು ಈಗ ಎಲ್ಲ ಗ್ಯಾರೇಜಿನಲ್ಲೂ ಇರುತ್ತೆ. ಆದರೆ ಇವರು ಅದನ್ನು ಹಿಡಿಯುವ ಮೊದಲು ಥರ್ಮೋಸ್ಟಾಟ್ ಮನೆಯ ಮೇಲೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿದರು. ಯಾಕೆ ಅಂತ ಹುಡುಗನನ್ನು ಕೇಳಿದೆ. "ಅಲ್ಯೂಮಿನಿಯಂ ಹೊಳೆಯುತ್ತಲ್ಲ ಮೇಡಂ, ಗನ್ನು ಮೋಸ ಹೋಗುತ್ತೆ" ಅಂದ. ಸರಿಯಾದ ಮಾತು. ಹೊಳೆಯುವ ಲೋಹ ಶಾಖದ ಕಿರಣವನ್ನು ಕಮ್ಮಿ ಹೊರಗೆ ಬಿಡುತ್ತದೆ, ಸುತ್ತಲಿನದನ್ನು ಪ್ರತಿಫಲಿಸುತ್ತದೆ. ಹಾಗಾಗಿ ಗನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಪ್ಪು ಟೇಪಿನ ಮೇಲೆ ಹಿಡಿದರೆ ಸರಿಯಾದ ಲೆಕ್ಕ ಸಿಗುತ್ತದೆ. ಕಪ್ಪು ಮೈ, ಹೊಳೆಯುವ ಮೈ ಅಂತ ಪಾಠ ಮಾಡಿದವಳು ನಾನು. ಆ ಪಾಠವನ್ನು ಗ್ರೀಸ್ ಹತ್ತಿದ ಕೈಯಲ್ಲಿ ಒಬ್ಬ ಹುಡುಗ ಇಷ್ಟು ಸಲೀಸಾಗಿ ಬಳಸುವುದನ್ನು ನೋಡಿ ತುಂಬ ಖುಷಿಯಾಯಿತು.

ಲೈಟ್ ಹಾಕಿದಾಗ ಮುಳ್ಳು 105 ಹತ್ತಿರ ಇತ್ತು. ಟೇಪಿನ ಮೇಲೆ ಗನ್ನು ತೋರಿಸಿದ್ದು 91. ಅಂದರೆ ಮುಳ್ಳು ಹೇಳುತ್ತಿದ್ದುದರಲ್ಲಿ ಸ್ವಲ್ಪ ಭಾಗ ಸುಳ್ಳು.

ಸುಳ್ಳಿನ ಮೂಲ ಎರಡು ಜಾಗದಲ್ಲಿ ಸಿಕ್ಕಿತು. ಮೀಟರ್ ಬೋರ್ಡಿನ ಹಿಂದೆ ಕಂದು ಬಣ್ಣದ ತಂತಿಗಳೆಲ್ಲ ಒಂದು ಕಡೆ ಸೇರಿ ಬಾಡಿಗೆ ಬೋಲ್ಟ್ ಆಗಿರುತ್ತವೆ. ಅಲ್ಲಿ ತುಕ್ಕು ಕೂತಿತ್ತು. ಇನ್ನೊಂದು, ಎಂಜಿನ್ ಮತ್ತು ಬಾಡಿಯ ನಡುವಿನ ಹೆಣೆದ ತಾಮ್ರದ ಪಟ್ಟಿ. ಅದು ಹಸಿರುಗಟ್ಟಿ, ಅರ್ಧ ಎಳೆ ಕಡಿದುಹೋಗಿತ್ತು. ಇದನ್ನು ಹೇಗೆ ಹಿಡಿದರು ಅನ್ನುವುದು ಮುಖ್ಯ. ಸುಮ್ನೆ ಓಮ್ ಮೀಟರ್ ಇಟ್ಟು ನೋಡಿದರೆ ಇದು ಸಿಗುವುದೇ ಇಲ್ಲ. ಒಂದು ಎಳೆ ಉಳಿದಿದ್ದರೂ ಮೀಟರ್ ಸೊನ್ನೆ ತೋರಿಸುತ್ತೆ. ಇವರು ಮೀಟರನ್ನು ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಮೇಲೆ ಹಿಡಿದು, ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದರು. 0.9 ವೋಲ್ಟ್ ಬಂತು. ಎರಡೂ ಒಂದೇ ಅರ್ಥ್ ಆಗಿದ್ದರೆ ಅಲ್ಲಿ ಹತ್ತಿರ ಹತ್ತಿರ ಸೊನ್ನೆ ಇರಬೇಕು. 0.2, ಹೆಚ್ಚೆಂದರೆ 0.3ರವರೆಗೆ ಒಪ್ಪಬಹುದು. ಸ್ಟಾರ್ಟರ್ 150 ಆಂಪಿಯರ್ ಎಳೆಯುತ್ತೆ ಅಂತ ಇಟ್ಟುಕೊಳ್ಳಿ. 0.9 ವೋಲ್ಟ್ ಬೀಳುವುದಕ್ಕೆ 0.006 ಓಮ್ ಸಾಕು. ಇಷ್ಟು ಚಿಕ್ಕ ರೆಸಿಸ್ಟೆನ್ಸನ್ನು ಅಂಗಡಿಯ ಮೀಟರ್ ಓಮಿನಲ್ಲಿ ತೋರಿಸುವುದಿಲ್ಲ. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ಬಯಲಾಗುತ್ತದೆ. ಪಟ್ಟಿ ಹೊಸದು ಹಾಕಿ, ಬೋಲ್ಟ್ ಕೂರುವ ಜಾಗವನ್ನು ಹೊಳೆಯುವ ತನಕ ಉಜ್ಜಿ, ಮತ್ತೆ ಅಳೆದರು. 0.1. ಆ ಸಂಖ್ಯೆಯನ್ನು ನನಗೆ ತೋರಿಸಿದರು, ಚೀಟಿಯಲ್ಲಿ ಬರೆದೂ ಕೊಟ್ಟರು.

ನಿಮ್ಮ ಗಾಡಿಗೆ ಯಾವ ಮೆಕ್ಯಾನಿಕ್ ಒಳ್ಳೆಯವರು ಅಂತ ತಿಳಿಯಬೇಕಾದರೆ ಇದೊಂದನ್ನು ನೋಡಿ. ಕೆಲಸಕ್ಕೆ ಮುಂಚೆ ಒಂದು ಅಳತೆ, ಆದ ಮೇಲೆ ಒಂದು ಅಳತೆ ಕೊಡುತ್ತಾರಾ ಅಂತ.

ಈಗ ನಿಜವಾದ ಹೀಟಿಗೆ ಬರೋಣ. ಓಡುವಾಗ ಸರಿ, ನಿಂತಾಗ ಹೀಟ್ ಅಂದರೆ ಗಾಳಿಯ ಕೊರತೆ. ಸ್ಪೀಡಿನಲ್ಲಿ ಹೋಗುವಾಗ ಗಾಳಿ ತಾನಾಗೇ ರೇಡಿಯೇಟರಿಗೆ ನುಗ್ಗುತ್ತದೆ, ಫ್ಯಾನ್ ಇಲ್ಲದಿದ್ದರೂ ನಡೆಯುತ್ತೆ. ಇದಕ್ಕೆ ಉಲ್ಟಾ, ಹೆದ್ದಾರಿಯಲ್ಲೇ ಹೀಟ್ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರಬೇಕು, ಇಲ್ಲವೇ ವಾಟರ್ ಪಂಪ್ ನೀರು ತಳ್ಳುತ್ತಿಲ್ಲ ಅಂತ ಅನುಮಾನ ಪಡಬೇಕು. ನಮ್ಮ ಗಾಡಿಯಲ್ಲಿ ಎಂಜಿನ್ ತಿರುಗಿಸುವ ವಿಸ್ಕಸ್ ಫ್ಯಾನ್ ಒಂದಿದೆ. ಜೊತೆಗೆ ಎಸಿ ಕಂಡೆನ್ಸರ್, ಅಂದರೆ ಎಸಿ ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಜಾಲರಿ, ಅದರ ಮುಂದೆ ಎರಡು ಎಲೆಕ್ಟ್ರಿಕ್ ಫ್ಯಾನ್. ಈ ಎಲೆಕ್ಟ್ರಿಕ್ ಫ್ಯಾನಿಗೆ ಎರಡು ಸ್ಪೀಡು. ಎಸಿ ಗ್ಯಾಸಿನ ಪ್ರೆಷರ್ ಏರಿದಾಗ ಕರೆಂಟ್ ತಗ್ಗಿಸುವ ಒಂದು ರೆಸಿಸ್ಟರ್ ಮೂಲಕ ಮೆಲ್ಲಗೆ ತಿರುಗಬೇಕು. ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) 105 ಡಿಗ್ರಿ ಹತ್ತಿರ ಹೋದರೆ ರೆಸಿಸ್ಟರ್ ಬಿಟ್ಟು ನೇರ ಕರೆಂಟಿನಲ್ಲಿ ಜೋರಾಗಿ ತಿರುಗಬೇಕು.

ಮೇಸ್ತ್ರಿ ಪ್ರೆಷರ್ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ಎರಡು ತುದಿ ಸೇರಿಸಿದರು. ಫ್ಯಾನ್ ತಿರುಗಬೇಕಿತ್ತು, ತಿರುಗಲಿಲ್ಲ. ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ, ಟಕ್ ಅಂತು, ಅಂದರೆ ರಿಲೇ ಸರಿ ಇದೆ. ರೆಸಿಸ್ಟರಿನ ಈ ಕಡೆ 12 ವೋಲ್ಟ್ ಇದೆ, ಆ ಕಡೆ ಸೊನ್ನೆ. ಬಿಚ್ಚಿ ಕೈಗೆ ಕೊಟ್ಟರು. ಒಳಗಿನ ಸುರುಳಿ ತುಂಡಾಗಿತ್ತು, ಪಿಂಗಾಣಿ ಕಪ್ಪಾಗಿತ್ತು. ಇಷ್ಟೇ ಸಣ್ಣ ಸಾಮಾನು. ಇದು ಸತ್ತರೆ ಲೋ ಸ್ಪೀಡ್ ಇಲ್ಲ. ಲೋ ಸ್ಪೀಡ್ ಇಲ್ಲದಿದ್ದರೆ ಟ್ರಾಫಿಕ್ಕಿನಲ್ಲಿ ಎಸಿ ಹಾಕಿದಾಗ ಕಂಡೆನ್ಸರಿನ ಬಿಸಿಯೆಲ್ಲ ಹಿಂದಿನ ರೇಡಿಯೇಟರಿನ ಮೇಲೆ. 105 ಮುಟ್ಟುವ ತನಕ ಯಾವ ಸಹಾಯವೂ ಇಲ್ಲ. ವಿಸ್ಕಸ್ ಫ್ಯಾನ್ ಒಂದೇ ಎಷ್ಟು ಅಂತ ಎಳೆಯುತ್ತೆ? ಜೊತೆಗೆ ಎರಡು ಎಲೆಕ್ಟ್ರಿಕ್ ಫ್ಯಾನಿನಲ್ಲಿ ಒಂದು ಕೈಯಲ್ಲಿ ತಿರುಗಿಸಿದರೆ ಬಿಗಿಯಾಗಿತ್ತು. ಬಿಗಿಯಾದ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ, ಆ ಕರೆಂಟೇ ರೆಸಿಸ್ಟರನ್ನು ಸುಟ್ಟಿರಬೇಕು ಅಂತ ಅವರ ಲೆಕ್ಕ. ಅದಕ್ಕೇ ರೆಸಿಸ್ಟರ್ ಮಾತ್ರ ಹಾಕಿ ಕಳಿಸಲಿಲ್ಲ. ಮೋಟರನ್ನೂ ಬದಲಿಸಿದರು.

ಹಿಂದಿನವರು ಎಳೆದಿದ್ದ ಡೈರೆಕ್ಟ್ ವೈರನ್ನು ಬಿಚ್ಚುವಾಗ ಮೇಸ್ತ್ರಿಗೆ ನಿಜವಾಗಿಯೂ ಸಿಟ್ಟು ಬಂತು. ನಮ್ಮಲ್ಲಿ ಮಾರುತಿಯಂಥ ಗಾಡಿಗಳಲ್ಲಿ ಕಪ್ಪು ತಂತಿ ಅಂದರೆ ಅರ್ಥ್. ಜರ್ಮನ್ ಗಾಡಿಗಳಲ್ಲಿ ಅರ್ಥಿಗೆ ಕಂದು ಬಣ್ಣ. ಕಪ್ಪು ಬಣ್ಣ ಕೀ ತಿರುಗಿಸಿದಾಗ ಪ್ಲಸ್ ಬರುವ ಲೈನಿಗೆ ಬಳಸುತ್ತಾರೆ. ಹಿಂದಿನವರು ಕಪ್ಪು ತಂತಿಯನ್ನು ಅರ್ಥ್ ಅಂದುಕೊಂಡು ಅದಕ್ಕೆ ಜೋಡಿಸಿದ್ದಾರೆ. ಫ್ಯೂಸ್ ಹೋಗಿದೆ. ಮತ್ತೆ ಹಾಕಿದ್ದಾರೆ, ಮತ್ತೆ ಹೋಗಿದೆ. ಕೊನೆಗೆ ಕೆಂಪು 16 ಆಂಪಿಯರ್ ಫ್ಯೂಸ್ ಇರಬೇಕಾದ ಜಾಗದಲ್ಲಿ ನೀಲಿ 25 ಆಂಪಿಯರ್ ಫ್ಯೂಸ್ ಕೂರಿಸಿದ್ದಾರೆ. ಇದು ಬರೀ ರಿಪೇರಿ ತಪ್ಪಲ್ಲ, ಗಾಡಿಗೆ ಬೆಂಕಿ ಬೀಳುವ ಕೆಲಸ. ತಂತಿಯನ್ನು ಉಳಿಸಲಿ ಅಂತಲೇ ಫ್ಯೂಸ್ ಇರುವುದು. ದೊಡ್ಡ ಫ್ಯೂಸ್ ಹಾಕಿದರೆ ಅದಕ್ಕಿಂತ ಮೊದಲು ತಂತಿಯೇ ಸುಡುತ್ತದೆ. ನಿಮ್ಮ ಗಾಡಿಯ ಫ್ಯೂಸ್ ಡಬ್ಬಿ ತೆರೆದು, ಮುಚ್ಚಳದೊಳಗಿನ ಚೀಟಿಗೂ ಫ್ಯೂಸಿನ ಬಣ್ಣಕ್ಕೂ ತಾಳೆ ಇದೆಯಾ ಅಂತ ದಯವಿಟ್ಟು ಇವತ್ತೇ ನೋಡಿ.

ಫ್ಯೂಸಿನ ವಿಷಯದಲ್ಲಿ ಇನ್ನೊಂದು ಮಾತು. ಡಬ್ಲ್ಯೂ124ರಲ್ಲಿ ಈಗಿನ ಥರ ಚಪ್ಪಟೆ ಫ್ಯೂಸ್ ಇಲ್ಲ. ಎರಡೂ ತುದಿ ಚೂಪಾದ ಹಳೇ ನಮೂನೆಯ ಉದ್ದ ಫ್ಯೂಸ್. ಎರಡು ತಗಡಿನ ನಡುವೆ ಒತ್ತಿ ಕೂರಿಸುವುದು. ವರ್ಷ ಕಳೆದ ಹಾಗೆ ತುದಿಯಲ್ಲಿ ಬೂದಿ ಬಣ್ಣದ ಪದರ ಕಟ್ಟುತ್ತದೆ. ಫ್ಯೂಸ್ ಹೋಗಿರುವುದಿಲ್ಲ, ಆದರೆ ಕರೆಂಟ್ ಸರಿಯಾಗಿ ದಾಟುವುದಿಲ್ಲ. ಹುಡುಗ ಒಂದೊಂದನ್ನೂ ಬೆರಳಿನಲ್ಲಿ ತಿರುಗಿಸುತ್ತಾ ಹೋದ. ಒಂದನ್ನು ತಿರುಗಿಸಿದಾಗ ಸತ್ತೇ ಹೋಗಿತ್ತು ಅಂದುಕೊಂಡಿದ್ದ ಒಳಗಿನ ಲೈಟ್ ಹತ್ತಿಕೊಂಡಿತು. ಎಲ್ಲವನ್ನೂ ತೆಗೆದು, ತಗಡು ಉಜ್ಜಿ, ಅಲ್ಯೂಮಿನಿಯಂ ಪಟ್ಟಿಯ ಫ್ಯೂಸ್ ಬದಲು ತಾಮ್ರದ ಪಟ್ಟಿಯವನ್ನು ಹಾಕಿದರು. ಇದಕ್ಕೆ ಆದ ಖರ್ಚು ಒಂದು ಹೋಟೆಲ್ ಊಟಕ್ಕಿಂತ ಜಾಸ್ತಿ ಇಲ್ಲ.

ದೊಡ್ಡ ಕೆಲಸ ಎಂಜಿನ್ ವೈರಿಂಗ್. ಈ ಮಾಡೆಲ್ ಇಟ್ಟುಕೊಂಡವರು ಗಮನ ಇಟ್ಟು ಓದಿ. ಹೆಚ್ಚುಕಮ್ಮಿ 1992ರಿಂದ 1996ರವರೆಗೆ ತಯಾರಾದ ಬೆಂಜ್ ಪೆಟ್ರೋಲ್ ಎಂಜಿನ್ನುಗಳ ವೈರಿಂಗಿನ ಹೊದಿಕೆ ಬಾಳಿಕೆ ಬರಲಿಲ್ಲ. ಪರಿಸರಕ್ಕೆ ಹಾನಿ ಮಾಡದೆ ಕೊಳೆಯುವಂಥ ವಸ್ತು ಬಳಸಿದ್ದರು. ಅದು ಗಾಡಿಯಲ್ಲಿರುವಾಗಲೇ, ಎಂಜಿನ್ ಬಿಸಿಗೆ ಉದುರಲು ಶುರುವಾಯಿತು. ಇದು ಪ್ರಪಂಚದ ಎಲ್ಲ ಕಡೆ ಗೊತ್ತಿರುವ ಕಾಯಿಲೆ. ಅದೇ ಕಾಲದ ಡೀಸೆಲ್ ಇ250 ಇಟ್ಟುಕೊಂಡವರಿಗೆ ಈ ಚಿಂತೆ ಅಷ್ಟಿಲ್ಲ. ಹಳೇ ಡೀಸೆಲ್ ಎಂಜಿನ್ ಓಡಲು ಕಂಪ್ಯೂಟರೂ ಬೇಡ, ಅಷ್ಟು ತಂತಿಯೂ ಬೇಡ.

ಮೇಸ್ತ್ರಿ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಹತ್ತಿರದ ಕನೆಕ್ಟರಿನ ರಬ್ಬರ್ ಟೋಪಿ ಹಿಂದೆ ಸರಿಸಿ, ಒಂದು ತಂತಿಯನ್ನು ಉಗುರಿನಲ್ಲಿ ಸ್ವಲ್ಪ ಬಗ್ಗಿಸಿದರು. ಹೊದಿಕೆ ಸುಟ್ಟ ಹಪ್ಪಳದ ಥರ ಪುಡಿಪುಡಿಯಾಗಿ ಬಿತ್ತು. ಒಳಗೆ ತಾಮ್ರ ಬರಿ ಮೈಯಲ್ಲಿ ನಿಂತಿತ್ತು, ಪಕ್ಕದ ತಂತಿಯೂ ಹಾಗೇ. ಎಂಜಿನ್ ಬಿಸಿಯಾಗಿ, ಅಲುಗಾಡಿ, ಇವೆರಡೂ ತಾಗಿದಾಗಲೆಲ್ಲ ಮಿಸ್ಸಿಂಗ್. "ಕಂಪ್ಯೂಟರ್ ಬದಲಿಸಿದ್ರೆ ಹೊಸದೂ ಸುಡ್ತಿತ್ತು ಮೇಡಂ" ಅಂದರು. ಸತ್ಯವಾದ ಮಾತು. ಶಾರ್ಟ್ ಆದ ತಂತಿ ಹಾಗೇ ಇಟ್ಟು ಯಾವ ಕಂಪ್ಯೂಟರ್ ಹಾಕಿದರೂ ಅಷ್ಟೇ.

ಹೊಸ ವೈರಿಂಗ್ ಕಿಟ್ ತರಿಸಬಹುದಿತ್ತು. ದುಬಾರಿ, ಬರುವುದೂ ತಡ. ಇವರು ಹಳೆಯದನ್ನೇ ಮಾದರಿ ಇಟ್ಟುಕೊಂಡು ಹೊಸದು ಕಟ್ಟುತ್ತೇನೆ ಅಂದರು. ಅದನ್ನು ನೋಡಲು ನಾನು ಹೋಗುತ್ತಿದ್ದೆ. ಹಳೇ ಕಿಟ್ಟನ್ನು ಇಡಿಯಾಗಿ ಬಿಚ್ಚಿ ಒಂದು ಪ್ಲೈವುಡ್ ಹಲಗೆಯ ಮೇಲೆ ಹರಡಿದರು. ಕವಲು ಒಡೆಯುವ ಕಡೆಗಳಲ್ಲಿ ಮೊಳೆ ಹೊಡೆದರು. ಆ ಮೊಳೆಗಳ ದಾರಿಯಲ್ಲೇ ಹೊಸ ತಂತಿ ಎಳೆದರು. ಹಳೆಯದು ಎಷ್ಟು ಉದ್ದವೋ ಅಷ್ಟೇ ಉದ್ದ. ಅದೇ ಬಣ್ಣ, ಅದೇ ಪಟ್ಟಿ. ನಾಳೆ ಇನ್ನೊಬ್ಬರು ಬಾನೆಟ್ ಎತ್ತಿದರೆ ಕಂಪನಿಯ ಡಯಾಗ್ರಮ್ ಇಟ್ಟುಕೊಂಡೇ ಕೆಲಸ ಮಾಡಬಹುದು. ತಂತಿ 125 ಡಿಗ್ರಿ ತಡೆಯುವ ಜಾತಿಯದು. ಮನೆ ವೈರಿಂಗಿಗೆ ಬಳಸುವ ಸಾಮಾನ್ಯ ಪಿವಿಸಿ ತಂತಿ 70 ಡಿಗ್ರಿಗೇ ಸಾಕು ಅನ್ನುತ್ತೆ, ಎಂಜಿನ್ ಮೇಲೆ ಅದು ಉಳಿಯುವುದಿಲ್ಲ. ಕನೆಕ್ಟರಿನ ಪ್ಲಾಸ್ಟಿಕ್ ಮನೆಗಳನ್ನು ತೊಳೆದು ಉಳಿಸಿಕೊಂಡರು, ಒಳಗಿನ ಪಿನ್ನುಗಳೆಲ್ಲ ಹೊಸವು.

ಪಿನ್ನುಗಳನ್ನು ಬೆಸುಗೆ ಹಾಕಲಿಲ್ಲ, ಇಕ್ಕಳದಲ್ಲಿ ಒತ್ತಿ ಕೂರಿಸಿದರು. ಬೆಸುಗೆ ಇನ್ನೂ ಗಟ್ಟಿ ಅಲ್ವಾ ಅಂತ ಕೇಳಿದೆ. ಬೆಸುಗೆ ತಂತಿಯ ಎಳೆಗಳೊಳಗೆ ಹರಿದು ಅಷ್ಟು ದೂರ ಅದನ್ನು ಕಡ್ಡಿ ಮಾಡಿಬಿಡುತ್ತದೆ, ಎಂಜಿನ್ ನಡುಗುವಾಗ ಕಡ್ಡಿ ಮುಗಿಯುವ ಜಾಗದಲ್ಲೇ ಕಡಿಯುತ್ತದೆ ಅಂತ ವಿವರಿಸಿದರು. ಒತ್ತಿದ ಮೇಲೆ ಪ್ರತಿ ಪಿನ್ನನ್ನೂ ಹಿಡಿದು ಒಂದು ಸಲ ಎಳೆದು ನೋಡುತ್ತಿದ್ದರು. ಒಂದು ಕಿತ್ತು ಬಂತು. ಆ ತಂತಿಯನ್ನೇ ಬಿಸಾಡಿ ಹೊಸ ತಂತಿ ಎಳೆದರು. ತುದಿ ಕತ್ತರಿಸಿ ಮತ್ತೆ ಒತ್ತಿದ್ದರೆ ಅರ್ಧ ಇಂಚು ಗಿಡ್ಡ ಆಗುತ್ತಿತ್ತು ಅಷ್ಟೇ. ಆ ಅರ್ಧ ಇಂಚಿಗೂ ಅವರು ಒಪ್ಪಲಿಲ್ಲ.

ಗಾಡಿ ಸ್ಟಾರ್ಟ್ ಮಾಡಿದ ದಿನ ನಾನಿದ್ದೆ. ಮೆಲ್ಲಗೆ, ಒಂದೇ ಸಮ ಓಡಿತು. ಮಾವನವರ ಕಾಲದಲ್ಲಿ ಹಾಗೇ ಓಡುತ್ತಿತ್ತು.

ರೇಡಿಯೇಟರ್ ಕಥೆ ಚಿಕ್ಕದು. ಕೈಪಂಪಿನ ಟೆಸ್ಟರನ್ನು ಕೂಲಂಟ್ ಟ್ಯಾಂಕಿನ ಬಾಯಿಗೆ ಹಾಕಿ 1.4 ಬಾರ್ ಒತ್ತಡ ಕೊಟ್ಟರು, ಮುಚ್ಚಳದ ಮೇಲೆ 140 ಅಂತ ಬರೆದಿರುವುದು ಅದಕ್ಕೇ. ಮುಳ್ಳು ನಿಲ್ಲಲಿಲ್ಲ, ಮೆಲ್ಲಗೆ ಇಳಿಯಿತು. ಮೇಲಿನ ಹೋಸ್ ಕೂರುವ ಪ್ಲಾಸ್ಟಿಕ್ ಕತ್ತಿನಲ್ಲಿ ಕೂದಲಿನಷ್ಟು ಬಿರುಕು. ಈ ಒತ್ತಡ ಯಾಕೆ ಬೇಕು ಗೊತ್ತಾ? ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತೆ. ಮೈಸೂರು 750 ಮೀಟರಿಗೂ ಮೇಲಿದೆ, ಇಲ್ಲಿ ಇನ್ನೂ ಎರಡು ಡಿಗ್ರಿ ಮೊದಲೇ ಕುದಿಯುತ್ತೆ. 1.4 ಬಾರ್ ಒತ್ತಡ ನಿಂತರೆ ಬರೀ ನೀರು ಕೂಡ 120 ದಾಟುವ ತನಕ ಕುದಿಯುವುದಿಲ್ಲ. ಬಿರುಕಿನಿಂದ ಒತ್ತಡ ಸೋರಿದರೆ ಆ ರಕ್ಷಣೆಯೆಲ್ಲ ಹೋಯಿತು. ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಹೋಗಿದೆಯಾ ಅಂತಲೂ ನೋಡಿದರು. ಟ್ಯಾಂಕಿನ ಬಾಯಿಯ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಎಂಜಿನ್ ಹೊಗೆ ಕೂಲಂಟಿಗೆ ಸೇರಿದ್ದರೆ ನೀಲಿ ಹಳದಿ ಆಗುತ್ತೆ. ನಮ್ಮದು ನೀಲಿಯಾಗೇ ಉಳಿಯಿತು.

ಹಳೇ ರೇಡಿಯೇಟರಿನ ಒಳಗೆ ಬಿಳಿ ಗಸಿ ಕಟ್ಟಿತ್ತು. ಹಿಂದಿನ ಗ್ಯಾರೇಜುಗಳಲ್ಲಿ ಬೋರ್ ನೀರು ಸುರಿದಿದ್ದರ ಫಲ. ನಮ್ಮ ಮಂಡ್ಯ ಕಡೆಯ ಬೋರ್ ನೀರಿನಲ್ಲಿ ಕಾಫಿ ಕಾಯಿಸುವ ಪಾತ್ರೆಯ ತಳ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸ ರೇಡಿಯೇಟರ್, ಹೊಸ ಥರ್ಮೋಸ್ಟಾಟ್, ಹೊಸ ಹೋಸ್ ಹಾಕಿದರು. ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ.

ಪಕ್ಕದಲ್ಲಿ ಒಂದು ಬಿಎಂಡಬ್ಲ್ಯೂ 5 ಸೀರೀಸ್ ನಿಂತಿತ್ತು, ಹದಿನೈದು ವರ್ಷ ದಾಟಿದ್ದು, ಆರು ಸಿಲಿಂಡರ್ ಪೆಟ್ರೋಲ್. ಅದರ ಕಾಯಿಲೆಯೂ ಹೀಟೇ. ಅದರ ಎನ್52 ಎಂಜಿನ್ನಿನಲ್ಲಿ ವಾಟರ್ ಪಂಪ್ ಬೆಲ್ಟಿನಿಂದ ತಿರುಗುವುದಿಲ್ಲ, ಕರೆಂಟಿನಿಂದ ತಿರುಗುತ್ತದೆ. ಸೋರದೆ, ಸದ್ದು ಮಾಡದೆ ಒಂದು ದಿನ ನಿಂತುಬಿಡುತ್ತದೆ. ಅಂದರೆ ಅಲ್ಲಿ ಕೂಲಿಂಗ್ ತೊಂದರೆಯೇ ಎಲೆಕ್ಟ್ರಿಕಲ್ ತೊಂದರೆ. ಪಂಪ್ ಬದಲಿಸಿದ ಮೇಲೆ ಗಾಳಿ ತೆಗೆಯುವ ಕ್ರಮವೂ ಬೇರೆ. ಎಂಜಿನ್ ಸ್ಟಾರ್ಟ್ ಮಾಡದೆ, ಕೀ ಆನ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಬ್ಲೋವರ್ ಕಮ್ಮಿ ಮಾಡಿ, ಆಕ್ಸಿಲರೇಟರ್ ಹತ್ತು ಸೆಕೆಂಡ್ ಪೂರ್ತಿ ಒತ್ತಿ ಹಿಡಿಯಬೇಕು. ಆಗ ಪಂಪ್ ತಾನಾಗೇ ಹನ್ನೆರಡು ನಿಮಿಷ ಓಡಿ ಗಾಳಿ ಹೊರಹಾಕುತ್ತದೆ. ಆ ಪಂಪಿನ ಅಲ್ಯೂಮಿನಿಯಂ ಬೋಲ್ಟುಗಳನ್ನು ಒಂದು ಸಲ ಬಿಚ್ಚಿದರೆ ಮತ್ತೆ ಹಾಕಬಾರದು, ಹೊಸವೇ ಬೇಕು. ಬ್ಲಾಕ್ ಮೆಗ್ನೀಸಿಯಂ ಆದ್ದರಿಂದ ಕಬ್ಬಿಣದ ಬೋಲ್ಟ್ ಹಾಕಿದರೆ ಕೊರೆತ ಶುರುವಾಗುತ್ತದೆ. ಮೇಸ್ತ್ರಿ ಅವನ್ನು ಹೊಸದಾಗಿ ತರಿಸಿ ಕಾಯುತ್ತಿದ್ದರು.

ಇನ್ನು ಈ ಗ್ಯಾರೇಜಿನ ಕೊರತೆ. ತಡ. ಹೇಳಿದ ದಿನಕ್ಕೆ ಗಾಡಿ ಸಿಗುವುದಿಲ್ಲ. ನನಗೆ ಹತ್ತಿರ ಹತ್ತಿರ ಎರಡು ತಿಂಗಳು ಹಿಡಿಯಿತು. ಅದರಲ್ಲಿ ಜಾಸ್ತಿ ಕಾಲ ಸ್ಪೇರ್ ಬರುವುದಕ್ಕೇ ಹೋಯಿತು. ಬೆಂಗಳೂರು ಜೆ.ಸಿ. ರಸ್ತೆಯಲ್ಲಿ ಸಿಗದಿದ್ದರೆ ದೆಹಲಿ ಕಾಶ್ಮೀರಿ ಗೇಟಿನಿಂದ ಬರಬೇಕು. ಫೋನ್ ಎತ್ತುವುದಿಲ್ಲ. ಕೆಲಸದ ಮಧ್ಯೆ ಎತ್ತದಿರುವುದು ಸರಿ, ಸಂಜೆ ವಾಪಸ್ ಮಾಡಬಹುದಲ್ಲ? ಹೆಂಗಸರು ಕೂತು ಕಾಯುವುದಕ್ಕೆ ಜಾಗವೂ ಇಲ್ಲ, ಶೌಚಾಲಯವೂ ಇಲ್ಲ. ಇದನ್ನು ಅವರಿಗೇ ಹೇಳಿದ್ದೇನೆ. ಎಸ್ಟಿಮೇಟ್ ಬಾಯಲ್ಲಿ ಹೇಳುತ್ತಾರೆ, ನೀವು ಕೇಳಿದರೆ ಮಾತ್ರ ಬರೆದು ಕೊಡುತ್ತಾರೆ. ಕೇಳಿ ಬರೆಸಿಕೊಳ್ಳಿ.

ಖರ್ಚು: ವೈರಿಂಗ್ ಕಟ್ಟಿದ್ದಕ್ಕೆ ಮಜೂರಿ 18,000 ರೂಪಾಯಿ, ತಂತಿ ಪಿನ್ನು ಬೇರೆ. ಫ್ಯಾನ್, ಅರ್ಥ್, ಫ್ಯೂಸ್, ರೇಡಿಯೇಟರ್ ಕೆಲಸಕ್ಕೆಲ್ಲ ಸೇರಿ ಮಜೂರಿ 9,500. ಸ್ಪೇರಿನ ಬಿಲ್ಲುಗಳನ್ನು ಅಂಗಡಿಯ ಹೆಸರಿನಲ್ಲೇ ಕೊಟ್ಟರು, ತೆಗೆದ ಹಳೇ ಸಾಮಾನನ್ನೆಲ್ಲ ಚೀಲದಲ್ಲಿ ಹಾಕಿ ಕೊಟ್ಟರು. ಕೊಟ್ಟ ದುಡ್ಡಿಗೆ ನನಗೆ ಪೂರ್ತಿ ತೃಪ್ತಿ ಇದೆ. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ನಮ್ಮ ಯಜಮಾನರು ಜೊತೆಯಲ್ಲಿ ಬಂದ ದಿನವೂ ಮೇಸ್ತ್ರಿ ಗಾಡಿಯ ವಿಷಯ ನನ್ನ ಹತ್ತಿರವೇ ಮಾತಾಡಿದರು. ಓಡಿಸುವವರು ಯಾರು ಅಂತ ಮೊದಲ ದಿನವೇ ಕೇಳಿ ತಿಳಿದುಕೊಂಡಿದ್ದರು.

ಏಪ್ರಿಲ್ ಬಿಸಿಲಿನಲ್ಲಿ, ಎಸಿ ಹಾಕಿಕೊಂಡು, ಅದೇ ಸಿಗ್ನಲ್ಲಿನಲ್ಲಿ ನಿಂತಿದ್ದೇನೆ. ಮುಳ್ಳು 90 ದಾಟಿದಾಗ ಮುಂದೆ ಫ್ಯಾನ್ ತಿರುಗುವ ಸಣ್ಣ ಸದ್ದು ಕೇಳುತ್ತೆ, ಮುಳ್ಳು 95ರ ಆಸುಪಾಸಿನಲ್ಲಿ ನಿಲ್ಲುತ್ತೆ. ಲೈಟ್ ಹಾಕಿದರೆ ಅಲ್ಲಾಡುವುದಿಲ್ಲ.

ಬಾಕಿ ಇರುವುದು ಸೆಂಟ್ರಲ್ ಲಾಕ್. ಈ ಗಾಡಿಯಲ್ಲಿ ಬಾಗಿಲುಗಳು ಲಾಕ್ ಆಗುವುದು ಗಾಳಿಯಿಂದ. ಒಂದು ಪಂಪ್ ಸಣ್ಣ ಕೊಳವೆಗಳಲ್ಲಿ ಗಾಳಿ ಎಳೆದು, ತಳ್ಳಿ ಮಾಡುತ್ತದೆ. ಎಲ್ಲೋ ಸೋರುತ್ತಿದೆ, ಹಿಂದಿನ ಎಡ ಬಾಗಿಲು ಕೈಕೊಡುತ್ತೆ. ಒಂದೊಂದೇ ಕವಲನ್ನು ಮುಚ್ಚುತ್ತಾ ಹೋಗಿ ಸೋರುವ ಕವಲನ್ನು ಹಿಡಿಯೋಣ ಅಂದಿದ್ದಾರೆ. ಅದು ದಸರಾ ಆದ ಮೇಲೆ.

ಹೋಗುವವರು ಬೆಳಿಗ್ಗೆಯೇ ಹೋಗಿ. ಎಂಜಿನ್ ಪೂರ್ತಿ ತಣ್ಣಗಿರುವಾಗಿನಿಂದ ನೋಡಬೇಕು ಅಂತಾರೆ, ಹಾಗಾಗಿ ದೂರದಿಂದ ಬರುವವರು ಹಿಂದಿನ ಸಂಜೆಯೇ ಗಾಡಿ ಬಿಟ್ಟು ಹೋಗುವುದು ಒಳ್ಳೆಯದು. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತೆ. ದಸರಾ ವಾರದಲ್ಲಿ ಹೋಗಲೇಬೇಡಿ. ಆಯುಧಪೂಜೆಯ ದಿನ ಹುಡುಗರು ಗ್ಯಾರೇಜ್ ತೊಳೆದು, ಪಾನಾ ಪೆಟ್ಟಿಗೆಗೆಲ್ಲ ಹೂ ಹಾಕುವುದರಲ್ಲಿ ಇರುತ್ತಾರೆ. ಮಾರನೇ ದಿನ ಜಂಬೂ ಸವಾರಿ ಬನ್ನಿಮಂಟಪಕ್ಕೇ ಬರುವುದರಿಂದ ಆ ಕಡೆಯ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ.